ಎಡ್‌ಟೆಕ್ ಕಲಿಸುವ ಮೇಷ್ಟ್ರಾಗುವುದು ಹೇಗೆ?

ಎಡ್‌ಟೆಕ್ (ಎಜುಕೇಶನಲ್ ಟೆಕ್ನಾಲಜಿ, ಅಂದರೆ ಕಲಿಕೆಗೆ ತಂತ್ರಜ್ಞಾನ ಬಳಸುವ ವಿಷಯ) ಎಂದರೆ ಬಹಳ ಜನರಿಗೆ ನೆನಪಾಗುವುದು ಟ್ಯೂಷನ್ ಆ್ಯಪ್‌ಗಳು. ಅಲ್ಲಿ ಪಾಠದ ರೂಪರೇಷೆ ಹಾಕಿ ಕೋರ್ಸ್ ಕಟ್ಟುವವರನ್ನು ಇನ್‌ಸ್ಟ್ರಕ್ಷನಲ್ ಡಿಸೈನರ್ ಎನ್ನುತ್ತಾರೆ. ಅದೇ ವಿಷಯವನ್ನು ವಿಶ್ವವಿದ್ಯಾಲಯದಲ್ಲಿ ಕಲಿಸುವ, ಅದರಲ್ಲಿ ಸಂಶೋಧನೆ ಮಾಡುವ ಕೆಲಸವೂ ಇದೆ. ಕಂಪನಿಯವರು ಮೊದಲು ನೀವು ಮಾಡಿದ ಕೋರ್ಸ್ ತೋರಿಸಿ ಅನ್ನುತ್ತಾರೆ. ವಿಶ್ವವಿದ್ಯಾಲಯದವರು ಡಿಗ್ರಿ, ನೆಟ್ (ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ), ಪಿಎಚ್‌.ಡಿ. ಕೇಳುತ್ತಾರೆ. ಈ ಎರಡನೇ ದಾರಿ ಉದ್ದದ್ದು. ಹಾಗಾಗಿ ಶುರುವಿನಲ್ಲೇ ಗೊತ್ತಿರಬೇಕಾದ್ದು ಕೆಲವಿವೆ.

ಮೊದಲು ಹುದ್ದೆ ಯಾವ ಹೆಸರಲ್ಲಿದೆ ನೋಡಿ

ಎಡವುವುದು ಹೆಚ್ಚಾಗಿ ಇಲ್ಲೇ. ‘ಎಜುಕೇಶನಲ್ ಟೆಕ್ನಾಲಜಿ ಪ್ರಾಧ್ಯಾಪಕರು ಬೇಕು’ ಎಂಬ ಜಾಹೀರಾತಿಗೆ ಕಾದು ಕುಳಿತರೆ ವರ್ಷಗಳು ಹಾಗೇ ಕಳೆದುಹೋಗಬಹುದು. ನಮ್ಮಲ್ಲಿ ಈ ವಿಷಯ ಬಹುತೇಕ ಶಿಕ್ಷಣ ವಿಭಾಗದ ಒಳಗೇ ಇರುತ್ತದೆ. ನೋಟಿಫಿಕೇಶನ್‌ನಲ್ಲಿ ‘ಸಹಾಯಕ ಪ್ರಾಧ್ಯಾಪಕ, ಶಿಕ್ಷಣ’ ಎಂದಿರುತ್ತದೆ. ಅದರೊಳಗೆ ಸ್ಪೆಷಲೈಸೇಶನ್ ಎಂದು ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಅಥವಾ ಎಜುಕೇಶನಲ್ ಟೆಕ್ನಾಲಜಿ ಕೇಳಿದ್ದರೂ ಕೇಳಿರಬಹುದು. ಆದ್ದರಿಂದ ಹೆಸರು ನೋಡಿ ಪುಟ ಮಗುಚಬೇಡಿ, ಅರ್ಹತೆಯ ಕಾಲಂ ಪೂರ್ತಿ ಓದಿ.

ಬಿ.ಇಡಿ., ಎಂ.ಇಡಿ. ಕಾಲೇಜುಗಳಲ್ಲದೆ ಬೇರೆ ಕಡೆಯೂ ಕಣ್ಣಿಡಿ. ಎನ್‌ಸಿಇಆರ್‌ಟಿಯ ಶೈಕ್ಷಣಿಕ ತಂತ್ರಜ್ಞಾನ ಸಂಸ್ಥೆ ಸಿಐಇಟಿ ದೆಹಲಿಯಲ್ಲಿದೆ. ಅದರದೇ ಪ್ರಾದೇಶಿಕ ಶಿಕ್ಷಣ ಸಂಸ್ಥೆ ನಮ್ಮ ಮೈಸೂರಿನಲ್ಲಿದೆ. ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳಿಗೆ ತರಬೇತಿ ಕೊಡುವ ಎನ್‌ಐಟಿಟಿಟಿಆರ್‌ಗಳು ಚೆನ್ನೈ, ಭೋಪಾಲ್, ಚಂಡೀಗಢ, ಕೋಲ್ಕತ್ತಗಳಲ್ಲಿವೆ. ಮುಕ್ತ ವಿಶ್ವವಿದ್ಯಾಲಯಗಳನ್ನಂತೂ ಬಿಡಲೇಬೇಡಿ. ದೂರದಲ್ಲಿರುವ ವಿದ್ಯಾರ್ಥಿಗೆ ಪಾಠ ಮುಟ್ಟಿಸುವುದೇ ಅವುಗಳ ಕೆಲಸ.

ಯಾವ ಡಿಗ್ರಿ ಬೇಕು?

ದಾರಿ ಎರಡು. ಟೀಚರ್ ಆಗಿದ್ದವರು, ಬಿ.ಇಡಿ. ಮಾಡಿದವರು ಎಂ.ಇಡಿ. ಅಥವಾ ಎಂ.ಎ. ಶಿಕ್ಷಣ ಮಾಡಿ ಮುಂದಕ್ಕೆ ಹೋಗಬಹುದು. ಬಿ.ಇಡಿ. ಕಾಲೇಜಿನಲ್ಲಿ ಮೆಥಡ್ ಪೇಪರ್ (ಒಂದು ಶಾಲಾ ವಿಷಯವನ್ನು ಕಲಿಸುವ ವಿಧಾನ) ಕಲಿಸುವ ಆಸೆ ಇದ್ದರೆ ಎಂ.ಇಡಿ. ಜೊತೆ ಒಂದು ಶಾಲಾ ವಿಷಯದಲ್ಲೂ ಸ್ನಾತಕೋತ್ತರ ಪದವಿ ಬೇಕಾಗುತ್ತದೆ. ಇದನ್ನು ತಡವಾಗಿ ತಿಳಿದು ಪೇಚಾಡುವವರು ಕಡಿಮೆಯೇನಲ್ಲ.

ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್ ಓದಿದವರಿಗೆ ಐಐಟಿ ಬಾಂಬೆಯಲ್ಲಿ ಎಜುಕೇಶನಲ್ ಟೆಕ್ನಾಲಜಿ ಎಂಬ ಹೆಸರಿನಲ್ಲೇ ಪಿಎಚ್‌.ಡಿ. ಇದೆ. ಮುಂಬೈನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಂದು ವಿಭಾಗವಿದೆ. ಆದರೆ ಒಂದು ಮಾತು ನೆನಪಿರಲಿ. ಎಂ.ಟೆಕ್. ಮಾಡಿ ಈ ಕಡೆ ಪಿಎಚ್‌.ಡಿ. ಮುಗಿಸಿದವರನ್ನು ಶಿಕ್ಷಣ ವಿಭಾಗದವರು ‘ನಿಮ್ಮದು ಎಂ.ಇಡಿ. ಆಗಿಲ್ಲವಲ್ಲ’ ಎಂದು ವಾಪಸ್ ಕಳಿಸಬಹುದು. ಮುಂದೆ ಎಲ್ಲಿ ಸೇರಬೇಕು ಎಂಬುದನ್ನು ಸೇರುವ ಮೊದಲೇ ಯೋಚಿಸಿ.

ನೆಟ್, ಕೆಸೆಟ್

ಸ್ನಾತಕೋತ್ತರದಲ್ಲಿ ಶೇ 55 ಅಂಕ ಬೇಕು. ಮೀಸಲಾತಿ ಇರುವವರಿಗೆ ಶೇ 50. ಯುಜಿಸಿ ನೆಟ್‌ನಲ್ಲಿ ‘ಶಿಕ್ಷಣ’ ವಿಷಯ ತೆಗೆದುಕೊಳ್ಳಿ. ಅದರಲ್ಲೇ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆಯಿಂದ ದುಡ್ಡು ಕೇಳದೆ ಪಿಎಚ್‌.ಡಿ. ಮಾಡಬೇಕೆಂದರೆ ಇದಕ್ಕೇ ಜೋರಾಗಿ ಓದಬೇಕು. ರಾಜ್ಯದೊಳಗೆ ಸಹಾಯಕ ಪ್ರಾಧ್ಯಾಪಕರಾಗಲು ಕರ್ನಾಟಕದ್ದೇ ಅರ್ಹತಾ ಪರೀಕ್ಷೆ ಕೆಸೆಟ್ ಪಾಸಾದರೂ ಆಗುತ್ತದೆ. ಅದರಲ್ಲಿ ಫೆಲೋಶಿಪ್ ಇಲ್ಲ.

ಉಪಕರಣ ಬಿಡಿ, ಕಲಿಕೆಯ ತೊಡಕು ಹಿಡಿಯಿರಿ

‘ಪ್ರೌಢಶಾಲೆಯಲ್ಲಿ ಸ್ಮಾರ್ಟ್‌ಬೋರ್ಡ್‌ನ ಪರಿಣಾಮ’ ಎಂಬಂಥ ಸಿನಾಪ್ಸಿಸ್‌ಗಳು (ಸಂಶೋಧನೆಯ ರೂಪರೇಷೆಗಳು) ಬೇಕಾದಷ್ಟು ಬರುತ್ತವೆ. ಸ್ಪಷ್ಟವಾಗಿ ಹೇಳಬೇಕೆಂದರೆ, ಅವುಗಳಲ್ಲಿ ಬಹಳಷ್ಟು ನೀರಸ. ಬೋರ್ಡ್ ಹಳತಾದ ದಿನ ಆ ಸಂಶೋಧನೆಯೂ ಹಳತಾಯಿತು, ಅಲ್ವಾ?

ಬದಲಿಗೆ ಮಕ್ಕಳು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ನೋಡಿ. ಒಂದು ಬ್ಯಾಟರಿಗೆ ಒಂದರ ಹಿಂದೆ ಒಂದರಂತೆ ಒಂದೇ ತರಹದ ಎರಡು ಬಲ್ಬ್ ಜೋಡಿಸಿ, ಯಾವುದು ಜಾಸ್ತಿ ಬೆಳಗುತ್ತದೆ ಎಂದು ಕೇಳಿ. ‘ಮೊದಲನೆಯದು, ಕರೆಂಟ್ ಅಲ್ಲೇ ಸ್ವಲ್ಪ ಖರ್ಚಾಗುತ್ತದಲ್ಲ’ ಎನ್ನುವ ಮಕ್ಕಳು ಪ್ರಪಂಚದ ಎಲ್ಲ ಕಡೆ ಇದ್ದಾರೆ. ಓಮ್‌ನ ನಿಯಮ ಬಾಯಿಪಾಠ ಇರುವವರೂ ಹೀಗೆ ಹೇಳುತ್ತಾರೆ. ಎರಡೂ ಸಮವಾಗಿ ಬೆಳಗುತ್ತವೆ ಎಂದು ವಿಡಿಯೊದಲ್ಲಿ ತೋರಿಸಿದರೆ ‘ಹೌದು’ ಎಂದು ತಲೆಯಾಡಿಸುತ್ತಾರೆ, ಮುಂದಿನ ವಾರ ಹಳೇ ಉತ್ತರವೇ ಬರುತ್ತದೆ.

ಇನ್‌ಸ್ಟ್ರಕ್ಷನಲ್ ಡಿಸೈನ್‌ನ ಕೆಲಸ ಇಲ್ಲಿ ಶುರು. ಮೊದಲು ಉತ್ತರ ಊಹಿಸಿ ಬರೆಯಲಿ. ಆಮೇಲೆ ಸಿಮ್ಯುಲೇಶನ್‌ನಲ್ಲಿ, ಅಂದರೆ ಕಂಪ್ಯೂಟರ್ ಪರದೆಯ ಮೇಲಿನ ಪ್ರಯೋಗದಲ್ಲಿ, ತಾವೇ ತಂತಿ ಜೋಡಿಸಲಿ. ಫೆಟ್ (PhET) ಎಂಬ ಜಾಲತಾಣದಲ್ಲಿ ಇಂಥವು ಉಚಿತವಾಗಿ ಸಿಗುತ್ತವೆ. ಊಹೆ ಯಾಕೆ ತಪ್ಪಾಯಿತು ಎಂದು ಪಕ್ಕದವರಿಗೆ ವಿವರಿಸಲಿ. ಊಹೆ ಬರೆಸಿದ ಗುಂಪಿಗೂ ಸುಮ್ನೆ ಸಿಮ್ಯುಲೇಶನ್ ಆಡಿಸಿದ ಗುಂಪಿಗೂ ಒಂದು ತಿಂಗಳ ಮೇಲೆ ಏನು ವ್ಯತ್ಯಾಸ? ಇದು ಪಿಎಚ್‌.ಡಿ.ಗೆ ಲಾಯಕ್ಕಾದ ಪ್ರಶ್ನೆ. ನಾಳೆ ಸಿಮ್ಯುಲೇಶನ್ ಹೋಗಿ ಎಐ ಬಂದರೂ ಪ್ರಶ್ನೆ ಸಾಯುವುದಿಲ್ಲ.

ಉಪಕರಣಕ್ಕಿಂತ ಕಲಿಯುವವರನ್ನು ನೋಡಬೇಕೆಂಬುದು ಹೊಸ ಮಾತೂ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ‘ಸೈಟ್’ ಎಂಬ ಉಪಗ್ರಹ ಟಿವಿ ಬೋಧನೆಯ ಪ್ರಯೋಗ ನಡೆದಾಗ ಉಪಗ್ರಹದ ಮೂಲಕ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಬಂತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಟಿವಿ ಇಟ್ಟು ಕೈತೊಳೆದುಕೊಳ್ಳಲಿಲ್ಲ, ನೋಡಿದವರ ಮೇಲೆ ಏನು ಪರಿಣಾಮವಾಯಿತೆಂದು ಸಮಾಜ ವಿಜ್ಞಾನಿಗಳು ಹಳ್ಳಿಗೇ ಹೋಗಿ ಅಧ್ಯಯನ ಮಾಡಿದರು.

ಗೈಡ್ ಹುಡುಕುವುದು

ವಿಶ್ವವಿದ್ಯಾಲಯದ ಹೆಸರಿಗಿಂತ ಗೈಡ್ ಮುಖ್ಯ. ಅವರ ಇತ್ತೀಚಿನ ಎರಡು ಮೂರು ಪ್ರಬಂಧ ಓದಿ. ಅವರಲ್ಲಿ ಪಿಎಚ್‌.ಡಿ. ಮುಗಿಸಿದವರಿಗೆ ಒಂದು ಫೋನ್ ಮಾಡಿ: ಡ್ರಾಫ್ಟ್ ಕೊಟ್ಟರೆ ಎಷ್ಟು ದಿನಕ್ಕೆ ಓದುತ್ತಾರೆ, ಶಾಲೆಗಳ ಅನುಮತಿ ಕೊಡಿಸಲು ನೆರವಾಗುತ್ತಾರಾ? ಯುಜಿಸಿಯ 2022ರ ನಿಯಮದಂತೆ ಪಿಎಚ್‌.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಶಾಲೆಗಳಲ್ಲಿ ಮಾಹಿತಿ ಸಂಗ್ರಹ ಇದ್ದರೆ ಪರೀಕ್ಷೆ, ಬೇಸಿಗೆ ರಜೆ, ಚುನಾವಣೆ ಡ್ಯೂಟಿ ಎಲ್ಲ ಲೆಕ್ಕ ಹಿಡಿಯಿರಿ. ಮೇಷ್ಟ್ರುಗಳು ಬಿಡುವಾಗಿರುವ ತಿಂಗಳು ಸಿಗುವುದೇ ಕಷ್ಟ.

ಓದುತ್ತಲೇ ಕೈ ಪಳಗಲಿ

ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ‘ಸ್ವಯಂ’ ವೇದಿಕೆಗೆ ಕೋರ್ಸ್ ತಯಾರಿಸುವ ಅಧ್ಯಾಪಕರ ಜೊತೆ ಸೇರಿಕೊಳ್ಳಿ. ಅಲ್ಲಿ ವಿಡಿಯೊ, ಓದುವ ಸಾಮಗ್ರಿ, ಚರ್ಚಾ ವೇದಿಕೆ, ಮೌಲ್ಯಮಾಪನ ಎಂದು ನಾಲ್ಕು ಭಾಗ ಇರಲೇಬೇಕು. ಎಲ್ಲರೂ ವಿಡಿಯೊಗೆ ಮುಗಿಬೀಳುತ್ತಾರೆ. ನೀವು ಮೌಲ್ಯಮಾಪನದ ಪ್ರಶ್ನೆ ಬರೆಯುವ ಕೆಲಸ ಕೇಳಿ ಪಡೆಯಿರಿ. ವಿದ್ಯಾರ್ಥಿ ಎಲ್ಲಿ ತಪ್ಪುತ್ತಾನೆ ಎಂದು ಗೊತ್ತಿಲ್ಲದೆ ಒಳ್ಳೆಯ ಬಹು ಆಯ್ಕೆ ಪ್ರಶ್ನೆ ಬರೆಯಲು ಆಗುವುದಿಲ್ಲ. ಆನ್‌ಲೈನ್ ಕೋರ್ಸ್ ನಡೆಸುವ ತಂತ್ರಾಂಶ ಮೂಡಲ್‌ನಲ್ಲಿ ಕೋರ್ಸ್ ಕಟ್ಟಲು, ಅಂಕಿಅಂಶ ವಿಶ್ಲೇಷಿಸಲು ಕಲಿಯಿರಿ. ಕನ್ನಡ ಮಾಧ್ಯಮದ ತರಗತಿಗಳ ಒಳಹೊರಗು ಬಲ್ಲವರಿಗೆ ಇಲ್ಲಿ ಮಾಡಿದಷ್ಟೂ ಕೆಲಸವಿದೆ.

ಹೊರದೇಶದ ಆಸೆ ಇದ್ದರೆ

ಅಮೆರಿಕದಲ್ಲಿ ಇದು ಸ್ವಂತ ಹೆಸರಿರುವ ವಿಭಾಗ. ಫ್ಲೋರಿಡಾ ಸ್ಟೇಟ್, ಇಂಡಿಯಾನಾ, ಯೂಟಾ ಸ್ಟೇಟ್ ವಿಶ್ವವಿದ್ಯಾಲಯಗಳಿಗೆ ಈ ವಿಷಯದಲ್ಲಿ ಹಳೆಯ ಹೆಸರು. ಅಸಿಸ್ಟೆಂಟ್‌ಶಿಪ್ ಸಿಕ್ಕರೆ ಶುಲ್ಕದ ವಿನಾಯಿತಿ, ಸ್ಟೈಪೆಂಡ್ ಎರಡೂ ಸಿಗುವುದುಂಟು. ಕೆಲಸದ ಜಾಹೀರಾತು ಓದುವಾಗ ‘ಇನ್‌ಸ್ಟ್ರಕ್ಷನಲ್ ಡಿಸೈನರ್’ ಮತ್ತು ‘ಅಸಿಸ್ಟೆಂಟ್ ಪ್ರೊಫೆಸರ್’ ಬೇರೆ ಬೇರೆ ಎಂಬುದು ನೆನಪಿರಲಿ. ಮೊದಲನೆಯದು ಸಾಮಾನ್ಯವಾಗಿ ಇತರ ಪ್ರಾಧ್ಯಾಪಕರ ಕೋರ್ಸ್ ಕಟ್ಟಿಕೊಡುವ ಸಿಬ್ಬಂದಿ ಹುದ್ದೆ. ಎರಡನೆಯದು ಟೆನ್ಯೂರ್ ಟ್ರ್ಯಾಕ್ (ಮುಂದೆ ಕಾಯಂ ಆಗಬಹುದಾದ ಹುದ್ದೆ) ಆಗಿದ್ದರೆ ಸುಮಾರು 6ನೇ ವರ್ಷಕ್ಕೆ ನಿಮ್ಮ ಸಂಶೋಧನೆ, ಬೋಧನೆ ಎಲ್ಲವನ್ನೂ ತೂಗಿ ನೋಡುತ್ತಾರೆ. ಅರ್ಜಿಯ ಜೊತೆ ಸಂಶೋಧನೆ, ಬೋಧನೆ ಎರಡರ ಬಗ್ಗೆಯೂ ಬರೆದುಕೊಡಬೇಕಾಗಿ ಬರಬಹುದು, ಸಾಮಾನ್ಯವಾಗಿ ಮೂವರ ಶಿಫಾರಸು ಕೇಳುತ್ತಾರೆ. ಶಿಫಾರಸು ಕೊಡುವವರಿಗೆ ಒಂದು ತಿಂಗಳು ಮೊದಲೇ ತಿಳಿಸಿ, ಕೊನೇ ವಾರ ಓಡಿದರೆ ಎರಡು ಸಾಲಿನ ಪತ್ರ ಸಿಗುತ್ತದೆ.