ಲ.ಸಾ.ಅ., ಮ.ಸಾ.ಅ.: ತಾಳೆ ನೋಡಿದರೇ ಲೆಕ್ಕ ಮುಗಿದಂತೆ

ಜುಲೈ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಳೆ ರಜೆ ಶುರು. ಕರೆಂಟು ಹೋಗಿರುತ್ತದೆ, ನೆಟ್‌ವರ್ಕೂ ಸಿಗುವುದಿಲ್ಲ. ಅಂಥ ಹೊತ್ತಿನಲ್ಲಿ ಮಕ್ಕಳು ಕೂತು ಮಾಡಲು ಲ.ಸಾ.ಅ., ಮ.ಸಾ.ಅ. ಲೆಕ್ಕಗಳು ಹೇಳಿ ಮಾಡಿಸಿದಂತಿವೆ. ಲ.ಸಾ.ಅ. ಎಂದರೆ ಲಘುತಮ ಸಾಮಾನ್ಯ ಅಪವರ್ತ್ಯ, ಕೊಟ್ಟ ಎಲ್ಲ ಸಂಖ್ಯೆಗಳಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ. ಮ.ಸಾ.ಅ. ಎಂದರೆ ಮಹತ್ತಮ ಸಾಮಾನ್ಯ ಅಪವರ್ತನ, ಕೊಟ್ಟ ಎಲ್ಲ ಸಂಖ್ಯೆಗಳನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ. ನೋಟ್‌ಬುಕ್, ಪೆನ್ಸಿಲ್, 20ರವರೆಗಿನ ಮಗ್ಗಿ ಇದ್ದರೆ ಸಾಕು. ಐವತ್ತು ಲೆಕ್ಕ ಮಾಡಿ ಪುಸ್ತಕದ ಕೊನೆಯಲ್ಲಿ ಉತ್ತರ ಹುಡುಕುವುದಕ್ಕಿಂತ, ಐದಾರೇ ಲೆಕ್ಕ ಮಾಡಿ ಪ್ರತಿಯೊಂದನ್ನೂ ತಾವೇ ತಾಳೆ ನೋಡುವುದು ಮೇಲು. ಈ ಪಾಠದಲ್ಲಿ ತಪ್ಪು ಎಲ್ಲಾಯಿತೆಂದು ಉತ್ತರವೇ ಹೇಳಿಬಿಡುತ್ತದೆ. ಅದನ್ನು ಕೇಳಿಸಿಕೊಳ್ಳುವ ಅಭ್ಯಾಸ ಬೇಕು, ಅಷ್ಟೆ.

ಮೊದಲು ಒಂದು ಮಾತು ಗಟ್ಟಿಯಾಗಲಿ. ಮ.ಸಾ.ಅ. ಎಂದೂ ಕೊಟ್ಟ ಸಂಖ್ಯೆಗಳಲ್ಲಿ ಚಿಕ್ಕದನ್ನು ಮೀರುವುದಿಲ್ಲ. ಲ.ಸಾ.ಅ. ಎಂದೂ ದೊಡ್ಡದಕ್ಕಿಂತ ಕಡಿಮೆಯಾಗುವುದಿಲ್ಲ. ‘ಮಹತ್ತಮ’ ಎಂದು ಕಂಡ ಕೂಡಲೇ ದೊಡ್ಡ ಸಂಖ್ಯೆ ಬರೆಯುವ ಮಕ್ಕಳು ಬಹಳ. ಈ ಒಂದು ಗಡಿ ನೆನಪಿದ್ದರೆ ಆ ತಪ್ಪು ನಿಲ್ಲುತ್ತದೆ.

ಪಟ್ಟಿಯಿಂದ ಶುರು ಮಾಡಿ

12 ಮತ್ತು 18 ತೆಗೆದುಕೊಳ್ಳಿ. ಅಪವರ್ತನಗಳನ್ನು ಜೋಡಿಯಾಗಿ ಬರೆಯಿರಿ: 18 ಎಂದರೆ 1×18, 2×9, 3×6. ಜೋಡಿಯಲ್ಲಿ ಬರೆದರೆ ಯಾವುದೂ ತಪ್ಪಿಹೋಗುವುದಿಲ್ಲ. ಬಿಡಿಬಿಡಿಯಾಗಿ ಬರೆಯುವವರು 1ನ್ನೋ ಆ ಸಂಖ್ಯೆಯನ್ನೋ ಮರೆಯುತ್ತಾರೆ. 12ಕ್ಕೆ 1×12, 2×6, 3×4. ಎರಡರಲ್ಲೂ ಇರುವವು 1, 2, 3, 6. ಮ.ಸಾ.ಅ. 6.

ಲ.ಸಾ.ಅ.ಗೆ ಎರಡೂ ಮಗ್ಗಿ ಬರೆಯಬೇಕಾಗಿಲ್ಲ. ದೊಡ್ಡ ಸಂಖ್ಯೆಯ ಮಗ್ಗಿ ಹೇಳುತ್ತಾ ಹೋಗಿ, ಪ್ರತಿ ಸಲ ‘ಚಿಕ್ಕದರಿಂದ ಭಾಗವಾಗುತ್ತದೆಯೇ’ ಎಂದು ಕೇಳಿಕೊಳ್ಳಿ. 18 ಆಗದು. 36 ಆಯಿತು. 30ರೊಳಗಿನ ಸಂಖ್ಯೆಗಳಿಗೆ ಇದಕ್ಕಿಂತ ಬೇಗನೆಯ ದಾರಿ ಇಲ್ಲ.

ಅವಿಭಾಜ್ಯಗಳಾಗಿ ಒಡೆಯುವುದು

84 ಮತ್ತು 120. ಅವಿಭಾಜ್ಯಗಳಾಗಿ, ಅಂದರೆ 1 ಮತ್ತು ತಮ್ಮಿಂದ ಮಾತ್ರ ಭಾಗವಾಗುವ ಸಂಖ್ಯೆಗಳಾಗಿ ಒಡೆದರೆ 84 = 2×2×3×7, 120 = 2×2×2×3×5. ಒಂದೇ ಅವಿಭಾಜ್ಯ ಒಂದರ ಕೆಳಗೊಂದು ಬರುವಂತೆ ಬರೆಯಿರಿ. ಎರಡರಲ್ಲೂ ಜೋಡಿ ಸಿಕ್ಕವು 2, 2, 3. ಹಾಗಾಗಿ ಮ.ಸಾ.ಅ. 12. ಲ.ಸಾ.ಅ.ಗೆ ಪ್ರತಿ ಅವಿಭಾಜ್ಯವೂ ಎಲ್ಲಿ ಹೆಚ್ಚು ಸಲ ಬಂದಿದೆಯೋ ಅಷ್ಟು ಸಲ: 2 ಮೂರು ಸಲ, 3, 5, 7 ಒಂದೊಂದು ಸಲ. 840.

ಇಲ್ಲಿ ತಪ್ಪು ಮೂರು ಕಡೆ ಆಗುತ್ತದೆ. ಮೊದಲನೆಯದು, ಒಡೆಯುವುದನ್ನು ಅರ್ಧಕ್ಕೇ ನಿಲ್ಲಿಸುವುದು. 51, 57, 91 ನೋಡಲು ಅವಿಭಾಜ್ಯದಂತಿವೆ, ಆದರೆ ಅಲ್ಲ: 3×17, 3×19, 7×13. ಅಂಕಿಗಳನ್ನು ಕೂಡಿದಾಗ 3ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ ಎಂಬ ನಿಯಮ ಮೊದಲೆರಡನ್ನು ಹಿಡಿಯುತ್ತದೆ. 91ನ್ನು 7ರಿಂದ ಭಾಗಿಸಿಯೇ ನೋಡಬೇಕು. ಎರಡನೆಯದು, ‘2 ಇದೆ, 3 ಇದೆ’ ಎಂದು ಒಂದೊಂದೇ ಸಲ ತೆಗೆದುಕೊಂಡು ಮ.ಸಾ.ಅ. 6 ಎನ್ನುವುದು. ಮೂರನೆಯದು, ಲ.ಸಾ.ಅ.ಗೆ ಕಂಡದ್ದನ್ನೆಲ್ಲ ಗುಣಿಸಿ 10080 ಬರೆಯುವುದು.

ಈಗ ತಾಳೆ. ಮ.ಸಾ.ಅ.ದಿಂದ ಕೊಟ್ಟ ಸಂಖ್ಯೆಗಳನ್ನು ಭಾಗಿಸಿ: 84÷12 = 7, 120÷12 = 10. ಬಂದ 7 ಮತ್ತು 10ಕ್ಕೆ 1 ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನ ಇಲ್ಲ, ಉತ್ತರ ಸರಿ. 6 ಎಂದು ಬರೆದವರಿಗೆ 14 ಮತ್ತು 20 ಬರುತ್ತದೆ. ಎರಡರೊಳಗೂ ಇನ್ನೂ ಒಂದು 2 ಉಳಿದಿದೆ, ಅದನ್ನು 6ಕ್ಕೆ ಗುಣಿಸಿದರೆ 12 ಆಯಿತು. ಲೆಕ್ಕವನ್ನು ಮೊದಲಿಂದ ಮಾಡಬೇಕಾಗಿಯೇ ಇಲ್ಲ. ಹಾಗೆಯೇ ಲ.ಸಾ.ಅ.ವನ್ನು ಕೊಟ್ಟ ಸಂಖ್ಯೆಗಳಿಂದ ಭಾಗಿಸಿ: 840÷84 = 10, 840÷120 = 7. ಇವಕ್ಕೂ ಸಾಮಾನ್ಯವಾದದ್ದು ಏನೂ ಇರಬಾರದು. ಅದೇ 7, ಅದೇ 10 ಅದಲುಬದಲಾಗಿ ಬಂದದ್ದನ್ನು ಮಕ್ಕಳಿಗೆ ತೋರಿಸಿ. ಎರಡು ಸಂಖ್ಯೆಗಳಿದ್ದಾಗ ಯಾವಾಗಲೂ ಹೀಗೆಯೇ ಆಗುತ್ತದೆ.

ಭಾಗಾಕಾರ ಕ್ರಮ

ಮೂರು ಸಂಖ್ಯೆ ಬಂದರೆ ಶಾಲೆಗಳಲ್ಲಿ ಹೆಚ್ಚಾಗಿ ಈ ಕ್ರಮವನ್ನೇ ಹಿಡಿಯುತ್ತಾರೆ. 12, 15, 20 ಸಾಲಾಗಿ ಬರೆದು ಎಡಕ್ಕೆ ಗೆರೆ ಹಾಕಿ. 2ರಿಂದ ಭಾಗಿಸಿದರೆ 6, 15, 10. ಭಾಗವಾಗದ 15 ಹಾಗೇ ಕೆಳಗಿಳಿಯುತ್ತದೆ. ಮತ್ತೆ 2ರಿಂದ: 3, 15, 5. 3ರಿಂದ: 1, 5, 5. 5ರಿಂದ: 1, 1, 1. ಎಡಗಡೆಯವನ್ನು ಗುಣಿಸಿ, 2×2×3×5 = 60. ಇದೇ ಲ.ಸಾ.ಅ.

ಭಾಜಕ ಅವಿಭಾಜ್ಯವೇ ಆಗಿರಬೇಕು ಎಂದು ಮೇಷ್ಟ್ರು ಹೇಳುವುದಕ್ಕೆ ಕಾರಣವಿದೆ. 4, 6, 12 ತೆಗೆದುಕೊಂಡು ಬೇಗ ಮುಗಿಯಲಿ ಎಂದು 6ರಿಂದಲೇ ಭಾಗಿಸಿದರೆ 4, 1, 2 ಬರುತ್ತದೆ. ಮುಂದೆ 2ರಿಂದ 2, 1, 1, ಮತ್ತೆ 2ರಿಂದ 1, 1, 1. ಗುಣಿಸಿದರೆ 24. ಸರಿಯುತ್ತರ 12. 6ರೊಳಗೆ ಒಂದು 2 ಇತ್ತು. 4ರಲ್ಲೂ 2 ಇದ್ದರೂ 6ರಿಂದ ಭಾಗವಾಗದ್ದರಿಂದ ಅದು ಹಾಗೇ ಇಳಿದು ಎರಡನೇ ಸಲ ಎಣಿಕೆಗೆ ಬಂತು. ತಾಳೆ ನೋಡಿದ್ದರೆ 24÷4 = 6, 24÷6 = 4, 24÷12 = 2 ಎಂದು ಬಂದು, ಮೂರರಲ್ಲೂ 2 ಉಳಿದಿರುವುದು ಕಾಣುತ್ತಿತ್ತು.

ಮ.ಸಾ.ಅ.ಗೂ ಇದೇ ಗೆರೆ ನಡೆಯುತ್ತದೆ, ಆದರೆ ಎಲ್ಲವೂ ಒಟ್ಟಿಗೆ ಭಾಗವಾಗುವವರೆಗೆ ಮಾತ್ರ. ಒಂದು ಸಂಖ್ಯೆ ಒಲ್ಲೆ ಎಂದರೂ ಅಲ್ಲಿಗೆ ನಿಲ್ಲಿಸಬೇಕು.

ಇನ್ನೊಂದು ಎಚ್ಚರಿಕೆ. ಲ.ಸಾ.ಅ. × ಮ.ಸಾ.ಅ. = ಸಂಖ್ಯೆಗಳ ಗುಣಲಬ್ಧ ಎಂಬ ಸೂತ್ರ ಎರಡೇ ಸಂಖ್ಯೆಗಳಿಗೆ. 12, 15, 20ರ ಗುಣಲಬ್ಧ 3600, ಅವುಗಳ ಮ.ಸಾ.ಅ. 1, ಲ.ಸಾ.ಅ. 60.

ದೊಡ್ಡ ಸಂಖ್ಯೆಗೆ ಗ್ರೀಕ್ ಗಣಿತಜ್ಞ ಯೂಕ್ಲಿಡನ ದಾರಿ

391 ಮತ್ತು 323 ಕೊಟ್ಟರೆ ಒಡೆಯುತ್ತಾ ಕೂರಬೇಡಿ, 17ರವರೆಗೆ ಏನೂ ಸಿಗುವುದಿಲ್ಲ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಶೇಷ 68. ಈಗ 323ನ್ನು 68ರಿಂದ, ಶೇಷ 51. 68ನ್ನು 51ರಿಂದ, ಶೇಷ 17. 51ನ್ನು 17ರಿಂದ, ಶೇಷ 0. ಕೊನೆಯ ಭಾಜಕ 17 ಮ.ಸಾ.ಅ. ಕೊನೆಯ ಭಾಗಲಬ್ಧ 3ನ್ನು ಉತ್ತರವೆಂದು ಬರೆಯುವುದು ಇಲ್ಲಿ ಮಾಮೂಲಿ ತಪ್ಪು. ಲ.ಸಾ.ಅ. ಬೇಕಿದ್ದರೆ ಮೊದಲು ಭಾಗಿಸಿ, ಆಮೇಲೆ ಗುಣಿಸಿ: 391÷17 = 23, 23×323 = 7429. ಮೊದಲೇ ಗುಣಿಸಿದರೆ ಆರಂಕಿ ಸಂಖ್ಯೆಯನ್ನು ಭಾಗಿಸುವ ಕಷ್ಟ. ಎರಡು ಸಾವಿರ ವರ್ಷಕ್ಕೂ ಹಳೆಯದಾದ ಈ ಕ್ರಮದಷ್ಟು ಚೊಕ್ಕಟವಾದದ್ದು ಶಾಲೆಯ ಗಣಿತದಲ್ಲಿ ಕಡಿಮೆ.

ಮಾತಿನ ಲೆಕ್ಕಗಳು

ಅಂಕ ಹೋಗುವುದೇ ಇಲ್ಲಿ. ‘ಕನಿಷ್ಠ’ ಕಂಡರೆ ಲ.ಸಾ.ಅ., ‘ಗರಿಷ್ಠ’ ಕಂಡರೆ ಮ.ಸಾ.ಅ. ಎಂದು ಹೇಳಿಕೊಡುವುದನ್ನು ದಯವಿಟ್ಟು ಬಿಡಿ. ಈ ಲೆಕ್ಕ ನೋಡಿ: 72 ಅಡಿ ಅಗಲ, 80 ಅಡಿ ಉದ್ದದ ತೋಟದ ಸುತ್ತ ಸಮ ಅಂತರದಲ್ಲಿ ಬೇಲಿ ಕಂಬ ನೆಡಬೇಕು, ನಾಲ್ಕೂ ಮೂಲೆಯಲ್ಲಿ ಕಂಬ ಇರಬೇಕು, ಅಂತರ ಇಡೀ ಅಡಿಗಳಲ್ಲಿರಬೇಕು. ಕನಿಷ್ಠ ಎಷ್ಟು ಕಂಬ ಬೇಕು? ‘ಕನಿಷ್ಠ’ ಎಂದಿದ್ದರೂ ಇದು ಮ.ಸಾ.ಅ. ಲೆಕ್ಕ. ಕಂಬ ಕಡಿಮೆಯಾಗಬೇಕಾದರೆ ಅಂತರ ಹೆಚ್ಚಬೇಕು, ಆ ಅಂತರ 72ನ್ನೂ 80ನ್ನೂ ಭಾಗಿಸಬೇಕು. ಮ.ಸಾ.ಅ. 8 ಅಡಿ. ಸುತ್ತಳತೆ 304, ಕಂಬ 304÷8 = 38. ಪ್ರತಿ ಬದಿಗೂ ಬೇರೆಬೇರೆ ಎಣಿಸಿದವರು ಮೂಲೆಯ ಕಂಬಗಳನ್ನು ಎರಡೆರಡು ಸಲ ಸೇರಿಸಿ 42 ಎನ್ನುತ್ತಾರೆ.

ಕೇಳಬೇಕಾದ ಪ್ರಶ್ನೆ ಒಂದೇ: ಇದ್ದದ್ದನ್ನು ಶೇಷವಿಲ್ಲದೆ ತುಂಡು ಮಾಡುತ್ತಿದ್ದೇವೆಯೇ, ಅಥವಾ ಬೇರೆಬೇರೆ ಅಳತೆಗಳು ಮುಂದೆ ಎಲ್ಲಿ ಕೂಡುತ್ತವೆಂದು ಹುಡುಕುತ್ತಿದ್ದೇವೆಯೇ? ಮೊದಲನೆಯದು ಮ.ಸಾ.ಅ., ಎರಡನೆಯದು ಲ.ಸಾ.ಅ.

ಶಿವಮೊಗ್ಗ ಬಸ್‌ಸ್ಟ್ಯಾಂಡಿನಿಂದ ತೀರ್ಥಹಳ್ಳಿಗೆ 20, ಸಾಗರಕ್ಕೆ 30, ಹೊಸನಗರಕ್ಕೆ 45 ನಿಮಿಷಕ್ಕೊಂದು ಬಸ್ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 6ಕ್ಕೆ ಮೂರೂ ಒಟ್ಟಿಗೆ ಹೊರಟರೆ ಮತ್ತೆ ಯಾವಾಗ? ಲ.ಸಾ.ಅ. 180. ಆದರೆ ಉತ್ತರ 180 ಅಲ್ಲ, 9 ಗಂಟೆ. ಕೇಳಿದ್ದು ಸಮಯ.

ಶೇಷ ಉಳಿಯುವ ಲೆಕ್ಕದಲ್ಲಿ ಕೂಡುವುದೋ ಕಳೆಯುವುದೋ ಎಂಬ ಗೊಂದಲ. ಅಡಿಕೆ ಸಸಿಗಳನ್ನು 8, 12, 15ರ ಸಾಲಾಗಿ ಇಟ್ಟಾಗಲೆಲ್ಲ 5 ಉಳಿದರೆ, ಕನಿಷ್ಠ ಸಸಿ 120+5 = 125. ಲ.ಸಾ.ಅ. ಆದ ಮೇಲೆ ಕೂಡುವುದು. 129 ಪೆನ್ಸಿಲ್, 185 ಪುಸ್ತಕಗಳನ್ನು ಆದಷ್ಟು ಹೆಚ್ಚು ಮಕ್ಕಳಿಗೆ ಸಮನಾಗಿ ಹಂಚಿ 3 ಪೆನ್ಸಿಲ್, 5 ಪುಸ್ತಕ ಉಳಿದರೆ, ಮೊದಲೇ ಕಳೆಯಬೇಕು: 126 ಮತ್ತು 180, ಮ.ಸಾ.ಅ. 18 ಮಕ್ಕಳು.

ಭಿನ್ನರಾಶಿ ಕೂಡುವಾಗ ಛೇದಗಳನ್ನು ಸುಮ್ಮನೆ ಗುಣಿಸುವ ಬದಲು ಲ.ಸಾ.ಅ. ಬಳಸಿ: 5/12 + 7/18 = 15/36 + 14/36 = 29/36. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ಹೇಳಿಕೊಟ್ಟದ್ದೂ ಇದನ್ನೇ, ಛೇದಗಳ ಲ.ಸಾ.ಅ.ವನ್ನು ಆತ ‘ನಿರುದ್ಧ’ ಎಂದು ಕರೆದ.

ಮನೆಯಲ್ಲೇ ಲೆಕ್ಕ ಕಟ್ಟುವುದು

ಹಿರಿಯರು ಹಿಂದಿನಿಂದ ಶುರು ಮಾಡಬೇಕು. ಮ.ಸಾ.ಅ. 14 ಇರಲಿ. ಸಾಮಾನ್ಯ ಅಪವರ್ತನವಿಲ್ಲದ 5, 9 ಆರಿಸಿ. 14×5 = 70, 14×9 = 126: ಇವೇ ಲೆಕ್ಕದ ಸಂಖ್ಯೆಗಳು. ಲ.ಸಾ.ಅ. 14×5×9 = 630 ಎಂದು ನಿಮಗೆ ಮೊದಲೇ ಗೊತ್ತು. ಒಂದು ವಾರದ ಮೇಲೆ ಲೆಕ್ಕ ಕಟ್ಟುವ ಕೆಲಸವನ್ನು ಮಕ್ಕಳಿಗೇ ಕೊಡಿ, ನೀವು ಬಿಡಿಸಿ.

ಇವತ್ತಿಗೆ ನಾಲ್ಕು: 56 ಮತ್ತು 98; 51 ಮತ್ತು 119; 8, 14 ಮತ್ತು 21; 437 ಮತ್ತು 551. ಮ.ಸಾ.ಅ.ಗಳು ಕ್ರಮವಾಗಿ 14, 17, 1, 19. ಲ.ಸಾ.ಅ.ಗಳು 392, 357, 168, 12673.