ಸೀಸೆಯ ಮೇಲೆ ಬರೀ ನಂಬರ್

ಮೈಗ್ರೇನ್ ಬಂದಾಗ ತಲೆ ಬಾಚಿದರೂ ಉರಿ, ದಿಂಬು ತಾಗಿದರೂ ನೋವು ಎನ್ನುವವರು ತುಂಬಾ ಜನ. ಸುಮ್ನೆ ಮುಟ್ಟಿದ್ದಕ್ಕೇ ನೋಯುವ ಇದಕ್ಕೆ ಅಲೋಡೀನಿಯಾ ಎನ್ನುತ್ತಾರೆ. ಮೈಗ್ರೇನ್‌ಗೆ ಕೊಡುವ ಸುಮಾಟ್ರಿಪ್ಟಾನ್ ಎಂಬ ಔಷಧಿ ಇದನ್ನು ತಗ್ಗಿಸುತ್ತದೆಯೇ ಎಂದು ನಾನು ಇಲಿಗಳಲ್ಲಿ ನೋಡಬೇಕಿತ್ತು.

ತಲೆ ನೋಯ್ತಿದೆಯಾ ಅಂತ ಇಲಿಯನ್ನು ಕೇಳೋಕಾಗಲ್ಲ, ಅಲ್ವಾ? ಅದಕ್ಕೇ ವಾನ್ ಫ್ರೇ ಎಳೆಗಳು. ಇವು ನೈಲಾನ್ ಎಳೆಗಳು. ಒಂದೊಂದು ಎಳೆ ಇಂತಿಷ್ಟು ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಇಲಿಯನ್ನು ತಂತಿ ಜಾಲರಿಯ ಮೇಲೆ ಬಿಟ್ಟು, ಕೆಳಗಿನಿಂದ ಅಂಗಾಲಿಗೆ ಒತ್ತಬೇಕು. 0.4 ಗ್ರಾಂನಿಂದ ಶುರು. ಕಾಲೆತ್ತಿದರೆ ಮುಂದೆ ತೆಳು ಎಳೆ, ಎತ್ತದಿದ್ದರೆ ದಪ್ಪದ್ದು. ತಲೆಯ ರೋಗಕ್ಕೆ ಅಂಗಾಲು ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಮನುಷ್ಯರಲ್ಲೂ ಈ ನೋವು ಮುಖದಿಂದ ತೋಳಿನವರೆಗೆ ಹರಡುವುದುಂಟು.

ನೋವು ಬರಿಸಲು ನೈಟ್ರೋಗ್ಲಿಸರಿನ್. ಕಿಲೋ ತೂಕಕ್ಕೆ 10 ಮಿಲಿಗ್ರಾಂನಂತೆ, ದಿನ ಬಿಟ್ಟು ದಿನ, 5 ಇಂಜೆಕ್ಷನ್. ಮೈಗ್ರೇನ್ ಇರುವವರಿಗೂ ಇದು ತಲೆನೋವು ಎಬ್ಬಿಸುತ್ತದೆ. ಇದು ಬರುವುದೇ ಆಲ್ಕೋಹಾಲ್, ಪ್ರೊಪಿಲೀನ್ ಗ್ಲೈಕಾಲ್ ಬೆರೆತ ದ್ರಾವಣದಲ್ಲಿ. ಹಾಗಾಗಿ ಹೋಲಿಕೆಯ ಗುಂಪಿಗೂ ಅದೇ ದ್ರಾವಣ ಕೊಡಬೇಕು, ಬರೀ ಉಪ್ಪುನೀರು ಸಾಲದು.

ಮೊದಲ ಸುತ್ತಿನ ಅಂಕಿಗಳು ಚೆನ್ನಾಗಿದ್ದವು. ಜಾಸ್ತಿಯೇ ಚೆನ್ನಾಗಿದ್ದವು. ಔಷಧಿ ಕೊಟ್ಟ ಇಲಿ ಕಾಲೆತ್ತಿದರೆ, ‘ಅದು ನಡೆಯೋಕೆ ಹೊರಟಿತ್ತು’ ಎಂದು ಬಿಟ್ಟುಬಿಡುತ್ತಿದ್ದೆ. ಕೊಡದ ಇಲಿ ಎತ್ತಿದರೆ ನೋವು ಎಂದು ಬರೆಯುತ್ತಿದ್ದೆ. ಬೇಕೆಂದು ಮಾಡಿದ್ದಲ್ಲ, ಕಣ್ಣು ಹಾಗೇ ನೋಡಿತ್ತು. ಆ ಪುಟಗಳನ್ನೆಲ್ಲ ಪಕ್ಕಕ್ಕಿಟ್ಟೆ. ಮುಂದಿನ ಸುತ್ತಿಗೆ ಸಹೋದ್ಯೋಗಿಯೊಬ್ಬರು ಸೀಸೆಗಳ ಮೇಲೆ ಬರೀ ನಂಬರ್ ಬರೆದು ಕೊಟ್ಟರು. ಯಾವ ನಂಬರ್ ಯಾವ ಔಷಧಿ ಎಂಬ ಪಟ್ಟಿ ಕೊನೆಯ ದಿನದವರೆಗೂ ಅವರ ಹತ್ತಿರವೇ ಇತ್ತು. ಅಳೆಯುವವಳು ದಿನವೂ ನಾನೊಬ್ಬಳೇ. ಗಂಡಸರ ವಾಸನೆಗೇ ಇಲಿಗಳ ನೋವಿನ ಪ್ರತಿಕ್ರಿಯೆ ತಗ್ಗುತ್ತದೆ ಎಂದು 2014ರಲ್ಲೇ ವರದಿಯಾಗಿದೆ. ಹಾಗಿರುವಾಗ ಮಧ್ಯದಲ್ಲಿ ಕೈ ಬದಲಿಸುವುದು ಬೇಡ.

ಪಟ್ಟಿ ಬಿಚ್ಚಿದಾಗ ಕಂಡಿದ್ದು ಎರಡು ಕತೆ. ಇಂಜೆಕ್ಷನ್ ಆದ ಎರಡು ಗಂಟೆಗೆ ಏಳುವ ನೋವನ್ನು ಸುಮಾಟ್ರಿಪ್ಟಾನ್ ತಡೆದಿತ್ತು. ಆದರೆ ಪ್ರತಿ ಸಲ ಇಂಜೆಕ್ಷನ್‌ಗೆ ಮೊದಲು, ಬೆಳಿಗ್ಗೆ ಅಳೆದಾಗ ಕಾಲೆತ್ತಿಸಲು ಬೇಕಾದ ಒತ್ತಡ ಮಾತ್ರ ಸುಮಾಟ್ರಿಪ್ಟಾನ್ ಪಡೆದ, ಪಡೆಯದ ಎರಡೂ ಗುಂಪಿನಲ್ಲಿ ಇಳಿಯುತ್ತಲೇ ಹೋಗಿತ್ತು, ಅಂದರೆ ನೋವು ಏರುತ್ತಲೇ ಇತ್ತು. ಬರೀ ಇಂಜೆಕ್ಷನ್ ನಂತರದ ಅಂಕಿ ನೋಡಿದ್ದರೆ ಔಷಧಿ ಗೆದ್ದಿತು ಎಂದೇ ಬರೆಯುತ್ತಿದ್ದೆ.

ನೈಟ್ರೋಗ್ಲಿಸರಿನ್ ಇಲ್ಲದೆ ದಿನವೂ ಸುಮಾಟ್ರಿಪ್ಟಾನ್ ಮಾತ್ರ ಪಡೆದ ಇಲಿಗಳೂ ಇದ್ದವು. ಅವೂ ಕೊನೆಕೊನೆಗೆ ತೆಳು ಎಳೆಗೇ ಕಾಲೆತ್ತತೊಡಗಿದ್ದವು. ಸುಮಾಟ್ರಿಪ್ಟಾನ್‌ನಂಥ ಟ್ರಿಪ್ಟಾನ್ ಮಾತ್ರೆಗಳನ್ನು ತಿಂಗಳಲ್ಲಿ 10 ದಿನ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದು ವೈದ್ಯರು ಹೇಳುವುದು ಇಂಥದ್ದಕ್ಕೇ. ಜಾಲರಿಯ ಮೇಲೆ ಜಾಗ ಸಾಲದೆಂದು ನಾನು ಕೈಬಿಡಲು ಹೊರಟಿದ್ದು ಇದೇ ಗುಂಪನ್ನು.