ಹೆಲೆನ್ ಮತ್ತು ಡೆನೆವ್ ನಮ್ಮನೆಯಲ್ಲಿ ಕನ್ನಡ ಮಾತಾಡಿದ್ದು

‘ಏನೇ’ ಅನ್ನುವ ಎರಡಕ್ಷರ ಬರೆಯೋಕೆ ನನಗೆ ಮೂರು ಸಂಜೆ ಹಿಡಿಯಿತು.

‘ಕ್ಲೇಮೋರ್’ ಅನ್ನುವ ಜಪಾನಿನ ಮಾಂಗಾ, ಅಂದರೆ ಚಿತ್ರಕತೆ, ನನಗೆ ಪ್ರಾಣ. ಅದರ ಇಂಗ್ಲಿಷ್ ಪುಸ್ತಕಗಳನ್ನು ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಹುಡುಕಿ ಹುಡುಕಿ ಕೊಂಡಿದ್ದೆ. ಊರಿಗೆ ತಂದಾಗ ತಂಗಿ ಚಿತ್ರಗಳನ್ನೆಲ್ಲ ಬಿಡದೆ ನೋಡಿದಳು, ಮಾತುಗಳನ್ನು ಮಾತ್ರ ಹಾರಿಸಿದಳು. ಅವಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಬರುತ್ತೆ. ಆದರೆ ಊಟ ಆದ ಮೇಲೆ ಮಂಚದ ಮೇಲೆ ಕಾಲು ಚಾಚಿ ಓದುವ ಭಾಷೆ ಅವಳಿಗೆ ಅದಲ್ಲ. ಅದಕ್ಕೆ ಸ್ಟಿಕಿ ನೋಟಿನ ಹಾಳೆಗಳನ್ನು, ಚಿತ್ರದಲ್ಲಿ ಪಾತ್ರಗಳ ಮಾತು ಬರೆದಿರುತ್ತಾರಲ್ಲ, ಆ ಬಲೂನಿನ ಅಳತೆಗೆ ಕತ್ತರಿಸಿ, ಕನ್ನಡದಲ್ಲಿ ಬರೆದು, ಒಂದೊಂದೇ ಬಲೂನಿನ ಮೇಲೆ ಅಂಟಿಸೋಕೆ ಶುರು ಮಾಡಿದೆ. ಒಂದು ಪುಸ್ತಕ, ಒಬ್ಬಳೇ ಓದುಗಾರ್ತಿ. ಅಷ್ಟೇ ಇದ್ದದ್ದು ಉದ್ದೇಶ.

ಕತೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಯಾಗಿ ನೊರಿಹಿರೊ ಇದನ್ನು 2001ರಿಂದ 2014ರವರೆಗೆ ಬರೆದರು, ಒಟ್ಟು 27 ಪುಸ್ತಕ. ಮನುಷ್ಯರನ್ನು ತಿನ್ನುವ ಯೋಮಾ ಅನ್ನುವ ಜೀವಿಗಳಿವೆ. ಅವನ್ನು ಕೊಲ್ಲೋಕೆ ಒಂದು ಸಂಸ್ಥೆ ಹೆಣ್ಣುಮಕ್ಕಳ ಮೈಯಲ್ಲಿ ಯೋಮಾದ ರಕ್ತಮಾಂಸ ಸೇರಿಸಿ ಹೋರಾಟಗಾರ್ತಿಯರನ್ನು ಮಾಡುತ್ತದೆ. ಒಟ್ಟು 47 ಜನ. ಬಲದ ಲೆಕ್ಕದಲ್ಲಿ ಒಬ್ಬೊಬ್ಬರಿಗೂ ಒಂದು ನಂಬರು. ಕತೆಯ ನಾಯಕಿ ಕ್ಲೇರ್ 47ನೆಯವಳು, ಅಂದರೆ ಎಲ್ಲರಿಗಿಂತ ಕೊನೆ. ಹೆಲೆನ್ 22, ಡೆನೆವ್ 15. ಮೈಯೊಳಗಿನ ಯೋಮಾ ಶಕ್ತಿಯನ್ನು ಮಿತಿ ಮೀರಿ ಬಳಸಿದರೆ ಅವರೇ ಯೋಮಾಕ್ಕಿಂತ ಭೀಕರವಾದ ಜೀವಿಗಳಾಗುತ್ತಾರೆ, ಮತ್ತೆ ಮನುಷ್ಯರಾಗೋಕೆ ಆಗೋದಿಲ್ಲ. ಹಾಗಾಗುವ ಮೊದಲು ತನ್ನನ್ನು ಯಾರು ಕೊಲ್ಲಬೇಕು ಅಂತ ಆರಿಸಿಕೊಂಡು ಅವಳಿಗೊಂದು ಕಪ್ಪು ಚೀಟಿ ಕಳಿಸುವ ಪದ್ಧತಿ ಇದೆ. ಆ ಚೀಟಿಯನ್ನು ಕತ್ತಿಯ ಹಿಡಿಯೊಳಗೇ ಇಟ್ಟುಕೊಂಡು ತಿರುಗುತ್ತಾರೆ. ಈ ಲೋಕದಲ್ಲಿ ಗೆಳತಿ ಅಂದರೆ ಆ ಚೀಟಿ ಯಾರಿಗೆ ಹೋಗುತ್ತೋ ಅವಳು.

ಈ 47 ಜನರಲ್ಲಿ ಹೆಲೆನ್-ಡೆನೆವ್ ಜೋಡಿ ಎಲ್ಲರ ಹಾಗಲ್ಲ. ಹೆಚ್ಚಿನವರು ತಮಗೆ ಕೊಟ್ಟ ಸೀಮೆಯಲ್ಲಿ ಒಂಟಿಯಾಗಿ ತಿರುಗುವವರು. ಇವರಿಬ್ಬರು ಕಂಡರೆ ಬಹುಪಾಲು ಒಟ್ಟಿಗೇ ಕಾಣುತ್ತಾರೆ. ಒಬ್ಬಳು ಬಾಯಿಬಡುಕಿ, ಇನ್ನೊಬ್ಬಳು ಅಳೆದು ಮಾತಾಡುವವಳು. ಹೆಲೆನ್ ತನ್ನ ಕೈಯನ್ನು ಹಗ್ಗದ ಹಾಗೆ ಉದ್ದ ಮಾಡಿ ದೂರದಿಂದ ಹೊಡೆಯುತ್ತಾಳೆ. ಡೆನೆವ್ ಏಟು ತಿಂದು ಎದ್ದು ನಿಲ್ಲುವವಳು, ಕೈಕಾಲು ತುಂಡಾದರೂ ಮತ್ತೆ ಬೆಳೆಸಿಕೊಳ್ಳುತ್ತಾಳೆ. ಅವರ ಸ್ನೇಹ ಎಂಥದ್ದು ಅಂತ ಯಾರೂ ಕೂತು ವಿವರಿಸೋದಿಲ್ಲ. ಅದೇ ನನಗೆ ಕಷ್ಟವಾಗಿದ್ದು. ಸ್ನೇಹದ ಬಗ್ಗೆ ಉದ್ದುದ್ದ ಮಾತಿದ್ದಿದ್ದರೆ ಅದನ್ನು ಕನ್ನಡಕ್ಕೆ ತಂದರೆ ಮುಗಿದುಹೋಗುತ್ತಿತ್ತು. ಇಲ್ಲಿ ಇರೋದು ಬೈಯೋದು, ರೇಗಿಸೋದು, ಸಾಕು ಬಿಡು ಅನ್ನೋದು. ಅದರೊಳಗೆ ಸ್ನೇಹ ಕೇಳಿಸಬೇಕು.

ಮೊದಲ ತೊಂದರೆ ಬಲೂನಿನದ್ದೇ. ಜಪಾನಿ ಭಾಷೆಯನ್ನು ಮೇಲಿಂದ ಕೆಳಗೆ ಬರೆಯುತ್ತಾರಲ್ಲ, ಅದಕ್ಕೆ ಬಲೂನುಗಳು ಸೋರೆಕಾಯಿಯ ಹಾಗೆ ಉದ್ದಕ್ಕೆ ಇರುತ್ತವೆ, ಅಗಲ ಇರೋದಿಲ್ಲ. ನಮ್ಮ ಕ್ರಿಯಾಪದಗಳೋ ರೈಲಿನ ಹಾಗೆ. ‘ಹೋಗಬೇಕಾಗಿತ್ತಲ್ಲವೇ’ ಅಂತ ಬರೆದರೆ ಎರಡೂ ಕಡೆ ಬಲೂನಿಂದ ಆಚೆ ಬರುತ್ತದೆ. ಸಾಲುಗಳನ್ನು ಒತ್ತಿ ಬರೆಯೋಣ ಅಂದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಬಲೂನಿನ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಗಡಿ ಎಳೆದುಕೊಂಡು, ಒಳಗೆ ಪೆನ್ಸಿಲಿನಲ್ಲಿ ಬರೆದು, ಹೊಂದಿದ ಮೇಲೆ ಸ್ಟಿಕಿ ನೋಟಿನ ಚೀಟಿಗೆ ಇಳಿಸುವುದು ಅಭ್ಯಾಸವಾಯಿತು. ‘ಹೋಗ್ಬೇಕಿತ್ತು’ ಅಂದರೆ ಹಿಡಿಸುತ್ತದೆ. ಜಾಗ ಇಲ್ಲದ್ದರಿಂದಲೇ ಗ್ರಂಥದ ಕನ್ನಡ ಬಿಟ್ಟು ಮನೆಯ ಕನ್ನಡ ಬರೆಯಬೇಕಾಯಿತು. ಅದು ಒಳ್ಳೆಯದೇ ಆಯಿತು. ಕತ್ತಿ ಬೀಸುತ್ತಾ ಯಾರಾದರೂ ‘ಹೋಗಬೇಕಾಗಿತ್ತಲ್ಲವೇ’ ಅಂತಾರಾ?

ಆಮೇಲೆ ಆ ‘ಏನೇ’.

ಇವರಿಬ್ಬರು ಕ್ಲೇರ್‌ಗೆ ಮೊದಲು ಸಿಗುವುದು ಒಂದು ಬೇಟೆಯಲ್ಲಿ. 6ನೇ ನಂಬರಿನ ಮಿರಿಯಾ ನಾಯಕಿ, ಜೊತೆಗೆ ಡೆನೆವ್, ಹೆಲೆನ್, ಕ್ಲೇರ್. ಕೊನೆಯ ನಂಬರಿನವಳು ಬಂದಿದ್ದಾಳೆ ಅಂತ ಹೆಲೆನ್ ಕ್ಲೇರ್‌ಳನ್ನು ಕೆಣಕುತ್ತಾಳೆ, ಹೀಯಾಳಿಸುತ್ತಾಳೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಕನ್ನಡದಲ್ಲಿ ಅಷ್ಟು ಸುಲಭಕ್ಕೆ ಬಿಡೋದಿಲ್ಲ. ಯಾರು ಯಾರಿಗೆ ‘ನೀನು’, ಯಾರಿಗೆ ‘ನೀವು’ ಅಂತ ಮೊದಲ ಬಲೂನಿಗೇ ತೀರ್ಮಾನ ಆಗಬೇಕು. ಮಿರಿಯಾಗೆ ‘ನೀವು’ ಅಂತ ಹಾಕಿದೆ, ಅವಳ ನಂಬರಿಗೂ ನಾಯಕಿಯ ಜಾಗಕ್ಕೂ ಅದು ಸಲ್ಲಬೇಕು. ಡೆನೆವ್‌ಗೆ ಹೆಲೆನ್ ‘ನೀನು’ ಅನ್ನೋದರಲ್ಲಿ ಅನುಮಾನವೇ ಇಲ್ಲ. ಆದರೆ ಬರೀ ‘ನೀನು’ ಸಾಲದು ಅನ್ನಿಸಿತು. ನಮ್ಮ ಹಾಸನದ ಕಡೆ ಇಬ್ಬರು ಹತ್ತಿರದ ಹೆಣ್ಣುಮಕ್ಕಳು ಮಾತಾಡುವಾಗ ಪ್ರತಿ ಮಾತಿನ ಬಾಲಕ್ಕೂ ಒಂದು ‘ಏ’ ಅಂಟಿಕೊಂಡಿರುತ್ತದೆ. ಏನೇ, ಹೋಗೇ, ಬಾರೇ, ಹೌದು ಕಣೇ. ಗಂಡಸರ ಮಾತಿನಲ್ಲಿ ‘ಕಣೋ’ ಇದೆ, ಆದರೆ ‘ಕಣೇ’ಯ ಸಲಿಗೆಯೇ ಬೇರೆ. ಜಡೆ ಹಾಕಿಕೊಟ್ಟವರು, ಒಂದೇ ತಟ್ಟೆಯಲ್ಲಿ ಉಂಡವರು ಆಡುವ ಮಾತು ಅದು. ಹೆಲೆನ್‌ಗೆ ಅದನ್ನೇ ಕೊಟ್ಟೆ.

ಕೊಟ್ಟ ಮೇಲೆ ಸಿಕ್ಕಿಬಿದ್ದೆ. ಕ್ಲೇರ್‌ಳನ್ನು ಹೀಯಾಳಿಸುವಾಗಲೂ ಹೆಲೆನ್ ಬಾಯಲ್ಲಿ ತಾನಾಗಿ ಬರುತ್ತಿದ್ದದ್ದು ಅದೇ ‘ಏನೇ’! ಗುರುತಿಲ್ಲದ ಹೆಂಗಸಿಗೆ ‘ಏನೇ’ ಅಂದರೆ ಅದು ಬೈಗುಳ. ಬಸ್ಸಿನಲ್ಲಿ ಯಾರಿಗಾದರೂ ಅಂದುನೋಡಿ, ಜಗಳ ಗ್ಯಾರಂಟಿ. ಗೆಳತಿಗೆ ಅಂದರೆ ಪ್ರೀತಿ. ಒಂದೇ ಪುಟದಲ್ಲಿ ಒಬ್ಬಳಿಗೆ ಬೈಗುಳ, ಇನ್ನೊಬ್ಬಳಿಗೆ ಪ್ರೀತಿ, ಎರಡಕ್ಕೂ ಒಂದೇ ಅಕ್ಷರ. ಮೊದಲ ಸಂಜೆ ಕ್ಲೇರ್‌ಗೆ ಬೇರೆ ಮಾತು ಹುಡುಕಿದೆ, ಸಪ್ಪೆಯಾಯಿತು. ಎರಡನೇ ಸಂಜೆ ಡೆನೆವ್‌ಗೆ ಇದ್ದ ‘ಏ’ ತೆಗೆದು ನೋಡಿದೆ. ಇಬ್ಬರೂ ಒಂದೇ ಆಫೀಸಿನಲ್ಲಿ ಕೆಲಸ ಮಾಡುವವರ ಹಾಗೆ ಕೇಳಿಸಿದರು. ಮೂರನೇ ಸಂಜೆ ಎರಡೂ ಕಡೆ ‘ಏನೇ’ ಬರೆದು ಅಂಟಿಸಿ ತಂಗಿಗೆ ಕೊಟ್ಟೆ, ಏನೂ ಹೇಳಲಿಲ್ಲ. ಓದಿದವಳು ತಲೆ ಎತ್ತದೆ ಕೇಳಿದಳು, “ಅಕ್ಕ, ಈ ಹೆಲೆನ್‌ಗೆ ಆ ಡೆನೆವ್ ಒಬ್ಬಳೇನಾ ಇರೋದು?”

ಅಲ್ಲಿಂದ ನನಗೆ ಧೈರ್ಯ ಬಂತು. ಓದುವವರು ಆ ‘ಏ’ಯ ಒಳಗಿನ ದನಿಯನ್ನು ಚಿತ್ರ ನೋಡಿ ತಾವೇ ತುಂಬಿಕೊಳ್ಳುತ್ತಾರೆ. ಇನ್ನೊಂದು ಲಾಭ ನಾನು ಎಣಿಸಿರಲೇ ಇಲ್ಲ. ಮುಂದೆ ಉತ್ತರದ ಹಿಮದ ಊರು ಪಿಯೆಟಾದಲ್ಲಿ ದೊಡ್ಡ ಯುದ್ಧ ಆಗುತ್ತದೆ. ಹೋದವರು 24 ಜನ, ಉಳಿದವರು 7. ಮಿರಿಯಾ, ಡೆನೆವ್, ಹೆಲೆನ್, ಕ್ಲೇರ್, ಜೊತೆಗೆ ತಬಿತಾ, ಸಿಂಥಿಯಾ, ಯೂಮಾ. ಸತ್ತೆವೆಂದು ಸಂಸ್ಥೆಯನ್ನು ನಂಬಿಸಿ ಏಳು ವರ್ಷ ಅಲ್ಲೇ ಅಡಗಿ ಬದುಕುತ್ತಾರೆ. ಹೊರಗೆ ಬಂದ ಮೇಲೂ ಹೆಲೆನ್ ಕ್ಲೇರ್‌ಗೆ ಅನ್ನೋದು ‘ಏನೇ’ ಅಂತಲೇ. ಒಂದಕ್ಷರವೂ ಬದಲಾಗಿಲ್ಲ. ಆದರೆ ಈಗ ಅದು ಡೆನೆವ್‌ಗೆ ಅನ್ನುವ ‘ಏನೇ’. ಆ ಚೀಟಿ ಅಂಟಿಸುವಾಗ ನನ್ನ ಕೈ ಸ್ವಲ್ಪ ನಡುಗಿತ್ತು.

ಡೆನೆವ್‌ಳ ಮಾತು ಬರೆಯುವುದು ಬೇರೆ ತರಹದ ಕೆಲಸ. ಇಂಗ್ಲಿಷಿನಲ್ಲಿ ಅವಳು ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾಳೆ. ಹಾಗೇ ಕನ್ನಡಕ್ಕೆ ತಂದರೆ ಮೇಷ್ಟ್ರ ಪಾಠದ ಹಾಗಾಯಿತು. ಹಾಗಾಗಿ ಕಳೆಯುತ್ತಾ ಹೋದೆ. ‘ನಾನು’, ‘ನೀನು’ ಎರಡನ್ನೂ ಬಿಟ್ಟೆ, ಕನ್ನಡದಲ್ಲಿ ಕ್ರಿಯಾಪದವೇ ಯಾರು ಅಂತ ಹೇಳಿಬಿಡುತ್ತಲ್ಲ. ಎಷ್ಟೋ ಬಲೂನಿನಲ್ಲಿ ಕೊನೆಗೆ ಉಳಿದದ್ದು ಎರಡು ಮೂರು ಮಾತು. ‘ಸಾಕು.’ ‘ಸುಮ್ನಿರೇ.’ ‘ನಡಿ.’ ಹೆಲೆನ್‌ಳ ಚೀಟಿಗಳು ಬಲೂನಿನ ಅಂಚಿನವರೆಗೂ ತುಂಬಿರುತ್ತವೆ, ಡೆನೆವ್‌ಳ ಚೀಟಿಯಲ್ಲಿ ಸುತ್ತ ಬಿಳಿ. ಪುಟ ದೂರ ಹಿಡಿದು ನೋಡಿದರೂ ಯಾರ ಮಾತು ಯಾವುದು ಅಂತ ಗೊತ್ತಾಗುತ್ತದೆ. ‘ಸುಮ್ನಿರೇ’ಯಲ್ಲಿ ಆ ‘ಏ’ ಇರಲೇಬೇಕು. ‘ಸುಮ್ನಿರು’ ಅಂದರೆ ಬಾಯಿ ಮುಚ್ಚಿಸಿದ ಹಾಗೆ. ‘ಸುಮ್ನಿರೇ’ ಅಂದರೆ, ಬಾಯಿ ಮುಚ್ಚು, ಆದರೆ ಇಲ್ಲೇ ಇರು.

ಹೊಡೆದಾಟದ ಪುಟಗಳಲ್ಲಿ ನಾನು ಮಾಡಿದ್ದು ಕಮ್ಮಿ. ಚಿತ್ರದಲ್ಲೇ ಬರೆದಿರುವ ಸದ್ದಿನ ಅಕ್ಷರಗಳನ್ನು ಮುಟ್ಟಲಿಲ್ಲ, ಅವು ಚಿತ್ರದ ಭಾಗವೇ. ಬಲದಿಂದ ಎಡಕ್ಕೆ ಓದುವುದನ್ನು ತಂಗಿ ಒಂದೇ ದಿನಕ್ಕೆ ಕಲಿತಳು. ಆದರೆ ಆ ಪುಟಗಳನ್ನು ನಿಧಾನಕ್ಕೆ ನೋಡಿದ್ದು ಚೀಟಿಯ ಕೆಲಸ ಶುರುವಾದ ಮೇಲೇ. ಹೆಲೆನ್ ಕೈ ಉದ್ದ ಮಾಡಿದ ಹೊತ್ತಿಗೆ ಅವಳ ಕತ್ತಿ ದೂರದಲ್ಲಿರುತ್ತೆ, ಮೈಗೆ ಕಾವಲಿರೋದಿಲ್ಲ. ಏಟು ತಡೆದುಕೊಂಡು ನಿಲ್ಲುವವಳೊಬ್ಬಳು ಪಕ್ಕದಲ್ಲಿದ್ದರೆ ಮಾತ್ರ ಅಷ್ಟು ನಿಶ್ಚಿಂತೆಯಿಂದ ಕೈ ಚಾಚಬಹುದು ಅಂತ ನನಗೆ ಹೊಳೆದಿದ್ದು ಆಗ.

ಪದಗಳ ಜಗಳವೂ ನಡೆಯಿತು. ಮಿತಿ ದಾಟಿ ಯೋಮಾಕ್ಕಿಂತ ಭೀಕರವಾಗಿಹೋದವರಿಗೆ ಏನನ್ನಬೇಕು? ‘ಮೈಮೇಲೆ ಬಂದವಳು’ ಅಂತ ಬರೆದಿದ್ದೆ. ಬಹಳ ಸರಿಯಾಗಿದೆ ಅಂತ ಬೀಗಿದ್ದೆ ಕೂಡ. ತಂಗಿ ಒಪ್ಪಲಿಲ್ಲ. “ಮೈಮೇಲೆ ಬಂದದ್ದು ಇಳಿಯುತ್ತೆ ಅಕ್ಕ. ನೀರು ಚಿಮುಕಿಸಿದರೆ, ಪೂಜೆ ಮಾಡಿದರೆ ಇಳಿಯುತ್ತೆ. ಇವರಿಗೆ ಇಳಿಯಲ್ಲ.” ಅವಳು ಹೇಳಿದ್ದೇ ಸರಿ. ‘ಗಡಿ ದಾಟಿದವಳು’ ಅಂತ ಮಾಡಿದೆವು. ಅಂಟಿಸಿದ್ದ ಸುಮಾರು ನಲವತ್ತು ಚೀಟಿ ಕಿತ್ತು ಹೊಸದು ಬರೆಯಬೇಕಾಯಿತು. ಅಂದಿನಿಂದ ಅವಳು ಬರೀ ಓದುಗಾರ್ತಿಯಾಗಿ ಉಳಿಯಲಿಲ್ಲ. ಹೆಲೆನ್ ನನಗೆ, ಡೆನೆವ್ ಅವಳಿಗೆ ಅಂತ ಹಂಚಿಕೊಂಡೆವು. ನಾನು ಹೆಲೆನ್ ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ, ಇಂಗ್ಲಿಷಿನಲ್ಲಿರುವ ಉತ್ತರದ ಅರ್ಥ ತಿಳಿಸುತ್ತೇನೆ. ಅವಳು ಡೆನೆವ್ ಆಗಿ ಏನು ಹೇಳುತ್ತಾಳೋ ಅದೇ ಚೀಟಿಗೆ ಹೋಗುತ್ತದೆ. ಅಡುಗೆಮನೆಯಿಂದ ಕೇಳಿಸಿಕೊಂಡ ಅಮ್ಮ ಎರಡು ಸಲ ಜಗಳ ಬಿಡಿಸೋಕೆ ಬಂದಿದ್ದರು.

ಪಿಯೆಟಾದ ಪುಟಗಳಿಗೆ ಬಂದಾಗ ನಾವಿಬ್ಬರೂ ನಿಧಾನವಾದೆವು. ಯುದ್ಧದ ಮಧ್ಯೆ ಒಂದು ರಾತ್ರಿ ಡೆನೆವ್ ತನ್ನ ನಾಯಕಿ ಅಂಡೀನ್ ಜೊತೆ ಮಾತಾಡುತ್ತಾಳೆ. ಅಂಡೀನ್ ಎರಡು ಕತ್ತಿ ಹಿಡಿಯುವವಳು, ಒಂದು ಅವಳದ್ದು, ಇನ್ನೊಂದು ಸತ್ತ ಗೆಳತಿಯದ್ದು. ನೋಡೋಕೆ ಜಟ್ಟಿಯ ಹಾಗಿದ್ದರೂ ಒಳಗೆ ಅಂಜುಬುರುಕಿ. ಅವಳು ಯುದ್ಧದಲ್ಲಿ ಸಾಯುತ್ತಾಳೆ. ಏಳು ವರ್ಷ ಕಳೆದು ಡೆನೆವ್ ಮತ್ತೆ ಕಾಣಿಸುವಾಗ ಅವಳ ಕೈಯಲ್ಲೂ ಎರಡು ಕತ್ತಿ, ಎರಡನೆಯದು ಅಂಡೀನ್‌ಳದ್ದು. ಅತ್ತ ಹೆಲೆನ್, ಅದೇ ಯುದ್ಧದಲ್ಲಿ ಕ್ಲೇರ್‌ಳನ್ನು ಉಳಿಸಿ ಸತ್ತ ಜೀನ್‌ಳ ವಿದ್ಯೆಯನ್ನು ತನ್ನದು ಮಾಡಿಕೊಂಡಿರುತ್ತಾಳೆ, ಕೈಯನ್ನು ಹುರಿಯ ಹಾಗೆ ತಿರುಚಿ ಬಿಟ್ಟು ಹೊಡೆಯುವುದು. ಏಳು ವರ್ಷ ಇಬ್ಬರೂ ಪಕ್ಕಪಕ್ಕದಲ್ಲೇ ತಮ್ಮ ತಮ್ಮ ಸತ್ತವರನ್ನು ಅಭ್ಯಾಸ ಮಾಡಿದ್ದಾರೆ. ಅದರ ಬಗ್ಗೆ ಅವರು ಏನು ಮಾತಾಡಿಕೊಂಡರೋ ನಮಗೆ ತೋರಿಸಿಲ್ಲ. ಹಿಮದಲ್ಲಿ ನೆಟ್ಟ ಕತ್ತಿಗಳು ಸಾಲಾಗಿ ನಿಂತಿವೆ, ಒಂದೊಂದು ಕತ್ತಿಯ ಮೇಲೂ ಅದರ ಒಡತಿಯ ಗುರುತು. ಅವೇ ಸಮಾಧಿಗಳು.

ಅಂಡೀನ್ ಜೊತೆಗಿನ ಆ ರಾತ್ರಿಯ ಮಾತಿನಲ್ಲಿ ಡೆನೆವ್ ತನ್ನ ಅಕ್ಕನ ಬಗ್ಗೆ ಹೇಳುತ್ತಾಳೆ. ಅಕ್ಕನನ್ನು ಯೋಮಾ ಕೊಂದಿತ್ತು. ತನ್ನ ಮೈಯಲ್ಲಿ ಇರೋದು ಸೇಡು ಒಂದೇ ಅಂತ ಡೆನೆವ್ ನಂಬಿದ್ದಳು. ಸೇಡಿನವರು ದಾಳಿ ಮಾಡುವ ಬಗೆಯವರಾಗುತ್ತಾರೆ, ಬದುಕಬೇಕು ಅನ್ನುವವರು ಗಾಯ ಮಾಯಿಸಿಕೊಳ್ಳುವ ಬಗೆಯವರಾಗುತ್ತಾರೆ. ಅವಳಾದದ್ದು ಎರಡನೆಯದು. ಅಂದರೆ ಅಕ್ಕ ಸಾಯುವಾಗಲೂ ತನ್ನೊಳಗೆ ಇದ್ದದ್ದು ಬದುಕುವ ಆಸೆ. ಅದಕ್ಕೆ ಅವಳು ತನ್ನನ್ನು ಕ್ಷಮಿಸಿಲ್ಲ. ಹೆಲೆನ್ ಯಾಕೆ ಅಷ್ಟು ಗಲಾಟೆ ಮಾಡುತ್ತಾ ಅವಳ ಪಕ್ಕದಲ್ಲೇ ಇರುತ್ತಾಳೆ ಅಂತ ನನಗೆ ಈ ಪುಟ ಬರೆಯುವಾಗ ಅರ್ಥವಾಯಿತು. ಸುಮ್ಮನಿದ್ದರೆ ಡೆನೆವ್ ಆ ಕಡೆಗೇ ಯೋಚಿಸುತ್ತಾ ಹೋಗುತ್ತಾಳೆ. ಪುಸ್ತಕದಲ್ಲಿ ಹಾಗಂತ ಬರೆದಿಲ್ಲ, ನನಗೆ ಹಾಗನ್ನಿಸಿತು.

ಡೆನೆವ್‌ಳ ಬಲೂನುಗಳು ತಂಗಿಯ ಪಾಲು. ಆ ಪುಟದ್ದು ಮಾತ್ರ ನೀನೇ ಬರಿ ಅಂದಳು. ಬರೆದು, ಅಂಟಿಸಿ, ಮಲಗಿದೆ. ಬೆಳಿಗ್ಗೆ ನೋಡಿದರೆ ಒಂದು ಚೀಟಿ ಬದಲಾಗಿತ್ತು. ನಾನು ‘ನನ್ನ ಅಕ್ಕ’ ಅಂತ ಬರೆದಿದ್ದೆ. ಅವಳು ಅದನ್ನು ಕಿತ್ತು, ತನ್ನ ದುಂಡಗಿನ ಅಕ್ಷರದಲ್ಲಿ ‘ನಮ್ಮಕ್ಕ’ ಅಂತ ಬರೆದು ಅಂಟಿಸಿದ್ದಳು.